ಮೂವತ್ತೆಂಟನೇ ಮೀಟರಿನ ಕಲ್ಲು

"ಈ ಬಾಳೂನ ತಲಿಗೆ ಬೋರ್ ಹಾಕಿ ನೂರು ಮೀಟರ್ ಇಳದ್ರೂ ಒಂದು ತುಂಡು ಕಲ್ಲು ಸಿಗೂದಿಲ್ಲ ನೋಡ್ರಿ. ಬರೇ ಟೊಳ್ಳು ಅದ!"

ನಮ್ಮ ಭೂಗರ್ಭಶಾಸ್ತ್ರದ ಇನಾಮದಾರ ಸಾಹೇಬರು ಇದನ್ನು ಮಶೀನು ಗುಡುಗುತ್ತಿದ್ದಾಗ ಹೇಳಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವರು ಕೈ ಸನ್ನೆ ಮಾಡಿ ಮಶೀನು ನಿಲ್ಲಿಸಿ, ಇಡೀ ಗುಡ್ಡ ಸುಮ್ಮನಾದ ಮೇಲೆ ಹೇಳಿದರು. ಮಶೀನಿನ ಮೇಸ್ತ್ರಿ ಹಣಮಪ್ಪ ಕಾಕಾ ನಕ್ಕ. ಅಡುಗೆಯ ಫಕೀರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನೀರು ತಂದಿದ್ದ ಟ್ಯಾಂಕರಿನವನು ಅರ್ಥವಾಗದಿದ್ದರೂ ನಕ್ಕ. ನನ್ನ ಜೋಡಿ ಹೆಲ್ಪರ್ ಸಲ್ಮಾನನಂತೂ ನಿಂತು ನಗುವುದು ಸಾಲದೆ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ.

ನಾನು ಅಂಥದ್ದೇನು ಮಾಡಿದ್ದೆ? ಪೆಟ್ಟಿಗೆ ತುಂಬಿದ್ದೆ, ಅಷ್ಟೇ.

ನಮ್ಮ ಮಶೀನು ಗುಡ್ಡದ ಹೊಟ್ಟೆಗೆ ಕೊಳವೆ ಇಳಿಸಿ ಕಲ್ಲಿನ ಕೋಲು ಎಳೆದು ತೆಗೆಯುತ್ತದೆ. ಅದಕ್ಕೆ ಕೋರು ಅನ್ನುತ್ತಾರೆ. ಬಂದ ತುಂಡುಗಳನ್ನು ಬಂದ ಹಾಗೆ ಪೆಟ್ಟಿಗೆಯ ಐದು ಸಾಲಿನಲ್ಲಿ ಜೋಡಿಸುವುದು ನನ್ನ ಕೆಲಸ. ಮೊದಲ ಸಾಲನ್ನು ಎಡದಿಂದ ಬಲಕ್ಕೆ ತುಂಬಿದೆ. ತುದಿ ಮುಟ್ಟಿತು. ಎರಡನೆಯದನ್ನು ಅಲ್ಲಿಂದಲೇ ಹೊರಳಿ ಬಲದಿಂದ ಎಡಕ್ಕೆ ತಂದೆ. ನೇಗಿಲು ಹೊಡೆಯುವವರು ಮಾಡುವುದು ಹಾಗೇ ಅಲ್ಲವೇ? ಬದು ಮುಟ್ಟಿದ ಎತ್ತು ಅಲ್ಲಿಂದಲೇ ತಿರುಗುತ್ತದೆ. ಖಾಲಿ ನೇಗಿಲು ಹೊತ್ತುಕೊಂಡು ಮತ್ತೆ ಈಚೆ ಬದುವಿಗೆ ನಡೆದು ಬಂದು ಶುರು ಮಾಡುವ ಹುಚ್ಚನನ್ನು ನಾನು ಯಾವ ಹೊಲದಲ್ಲೂ ಕಂಡಿಲ್ಲ.

ಆದರೆ ಸಾಹೇಬರ ಲೋಕದಲ್ಲಿ ಪ್ರತಿ ಸಾಲೂ ಎಡಗಡೆಯಿಂದಲೇ ಶುರು, ಪುಸ್ತಕದ ಹಾಗೆ. ಅವರು ನನ್ನ ಪೆಟ್ಟಿಗೆಗಳನ್ನು ಪುಸ್ತಕದಂತೆ ಓದಿದರು. ಓದಿ, ಗುಡ್ಡದೊಳಗಿನ ಕಲ್ಲಿನ ಪದರುಗಳು ಕಂಬಳಿ ಮಡಚಿದಂತೆ ಮಡಿಕೆ ಮಡಿಕೆ ಬಿದ್ದಿವೆ ಎಂದು ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದರು. ಚಿತ್ರ ಭಾಳ ಚಂದ ಇತ್ತು. ಫೋನ್ ಸಿಗ್ನಲ್ ಸಿಗುವ ಬಂಡೆಯ ಮೇಲೆ ಹತ್ತಿ ನಿಂತು ಗಣಿಯ ಧಣಿಗಳಿಗೆ ಹೇಳಿಯೂಬಿಟ್ಟರು. ಆಮೇಲೆ ತಿಳಿಯಿತು, ಆ ಮಡಿಕೆಗಳು ಗುಡ್ಡದಲ್ಲಿರಲಿಲ್ಲ, ನನ್ನ ಪೆಟ್ಟಿಗೆಯಲ್ಲಿದ್ದವು. ಮತ್ತೆ ಬಂಡೆ ಹತ್ತಿ ಇಲ್ಲವೆಂದು ಹೇಳಬೇಕಾಯಿತು. ಕೆಳಗಿಳಿದು ಬಂದವರೇ ನನ್ನ ತಲೆಗೆ ಬೋರು ಹಾಕಿದರು.

"ಏಳನೇತ್ತಾಕ್ಕ ಸಾಲಿ ಬಿಟ್ಟ ಓಡಿ ಬಂದವ್ರಿಗೆ ಪೆಟಗಿ ಕೊಟ್ರ ಹಿಂಗs ಆಗೂದು," ಅಂತ ಮೇಲೊಂದು ಉಪ್ಪು ಬೇರೆ.

ಓಡಿ ಬಂದಿದ್ದೆನಾ? ಅಪ್ಪನೇ ಕೈಹಿಡಿದು ಗೋವಾದ ಝುವಾರಿನಗರಕ್ಕೆ ಎಳೆದು ತಂದಿದ್ದ. ಆದರೆ ಅದನ್ನು ಅಷ್ಟು ಜನರ ನಡುವೆ ನಿಂತು ಹೇಳುವುದೇ? ಹಲ್ಲು ಕಚ್ಚಿ ಎಲ್ಲ ಪೆಟ್ಟಿಗೆ ಮತ್ತೆ ಜೋಡಿಸಿದೆ.

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಹಣಮಪ್ಪ ಕಾಕಾ ಊರಲ್ಲಿ ಅಳಿಯನ ಜೊತೆ ನೀರಿನ ಬೋರ್‌ವೆಲ್ ಲಾರಿ ಹಾಕಿದ್ದ. ತಿಂಗಳು ಮುಗಿಯುತ್ತಲೇ ಹೋಗುವವನಿದ್ದ. ಅವನು ಎದ್ದ ಸೀಟಿನಲ್ಲಿ ಕೂರುವವರು ಯಾರು, ನಾನೋ ಸಲ್ಮಾನನೋ ಎಂಬುದು ಸಾಹೇಬರ ಬಾಯಲ್ಲಿತ್ತು. ನನಗೆ ಆ ಸೀಟು ಬೇಕಿತ್ತು. ಮಡಗಾಂವದ ಕಟ್ಟಡಗಳಲ್ಲಿ ಬುಟ್ಟಿ ಹೊತ್ತಿದ್ದೇನೆ, ಕೆಪೆಯಲ್ಲಿ ಗದ್ದೆ ಕೊಯ್ದಿದ್ದೇನೆ, ಬಂದರಿನಲ್ಲಿ ಅದಿರು ಬಾಚಿದ್ದೇನೆ. ಎಲ್ಲ ಕಡೆಯೂ ಯಾರೋ ಕೂತಿರುತ್ತಾರೆ, ನಾನು ಬಗ್ಗಿರುತ್ತೇನೆ. ಕೂತು, ಎರಡು ಕೈಯಲ್ಲಿ ಎರಡು ಲಿವರ್ ಹಿಡಿದು, ಭೂಮಿಯೊಳಗಿನ ಕಲ್ಲು ಮೆತ್ತಗಾಯಿತೋ ಗಟ್ಟಿಯಾಯಿತೋ ಎಂದು ಅಂಗೈಯಲ್ಲೇ ತಿಳಿಯುವುದು! ಕಾಕಾ ಊಟಕ್ಕೆ ಹೋದಾಗ ಒಂದೆರಡು ಸಲ ಕೂತು ನೋಡಿದ್ದೆ. ಇಳಿಯಲು ಮನಸ್ಸಾಗಿರಲಿಲ್ಲ.

ಈ ಗುಡ್ಡದ ಹೆಸರು ಸಾಂವರದೊಂಗರ. ಗೋವಾದ ಈಶಾನ್ಯದ ಮೂಲೆ. ವಾಳಪೈ ದಾಟಿ, ಬಸ್ಸು ನಿಂತಲ್ಲಿಂದ ಜೀಪು, ಜೀಪು ನಿಂತಲ್ಲಿಂದ ಕಾಲು. ಇಲ್ಲಿಗೆ ಬಂದವರೆಲ್ಲ ಗುಡ್ಡಕ್ಕೆ ತೂತು ಹಾಕಿ ಬೈದುಕೊಂಡು ಹೋದವರೇ. ಮೊದಲು ಪೋರ್ತುಗೀಜರ ಕಾಲದಲ್ಲಿ ಒಬ್ಬ ಮ್ಯಾಂಗನೀಸು ಹುಡುಕಿಕೊಂಡು ಬಂದು ಹೊಂಡ ತೋಡಿಸಿದ. ಸಿಕ್ಕಿದ್ದು ಎರಡು ಗಾಡಿ ಕರಿಕಲ್ಲು. ಈಗ ಆ ಹೊಂಡಗಳಲ್ಲಿ ಬಾವಲಿಗಳಿವೆ. ಆಮೇಲೆ ಎಪ್ಪತ್ತರ ದಶಕದಲ್ಲಿ ಗಾಂವಕರ ಬಾಬ್ ಎಂಬ ಹರೆಯದ ಭೂಗರ್ಭಶಾಸ್ತ್ರದವರು ಮಶೀನು ಹೊರಿಸಿಕೊಂಡು ಬಂದು ಬೋರು ಹಾಕಿದರು. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಸ್ವಲ್ಪ ಗಟ್ಟಿ ಅದಿರು, ಆಮೇಲೆ ಬರೀ ಪಟ್ಟೆಕಲ್ಲು, ಅಂದರೆ ಕಪ್ಪು ಕೆಂಪು ಗೆರೆ ಗೆರೆಯ ಬಿರುಸಾದ ಕಲ್ಲು. ಅದರಲ್ಲಿ ಕಬ್ಬಿಣ ಕಡಿಮೆ, ಸೊಕ್ಕು ಜಾಸ್ತಿ. 'ಇಲ್ಲಿ ಏನೂ ಇಲ್ಲ' ಎಂದು ಷರಾ ಬರೆದು ಬಾಬ್ ಗುಡ್ಡ ಇಳಿದರು.

ಇಷ್ಟು ವರ್ಷಗಳ ಮೇಲೆ ಚೀನಾದವರು ಗೋವಾದ ಮಣ್ಣನ್ನೂ ಹಡಗಿಗೆ ತುಂಬಿಸಿಕೊಳ್ಳತೊಡಗಿದಾಗ, ಎರಡು ಸಾವಿರದ ಏಳರಲ್ಲಿ, ಧಣಿಗಳಿಗೆ ಈ ಗುಡ್ಡ ಮತ್ತೆ ನೆನಪಾಯಿತು. ಇನಾಮದಾರ ಸಾಹೇಬರ ವಾದ ಬೇರೆ ಇತ್ತು. ಗುಡ್ಡದೊಳಗೆ ನೀಲಿ ಪುಡಿಯ ಅದಿರಿದೆ, ಹಿಟ್ಟಿನಷ್ಟು ನುಣ್ಣಗೆ. ಅಂದು ಬೋರಿಗೆ ಬಿಟ್ಟ ನೀರಿನಲ್ಲಿ ಪುಡಿಯೆಲ್ಲ ತೊಳೆದುಹೋಗಿದೆ, ಗಟ್ಟಿ ಕಲ್ಲಷ್ಟೇ ಕೊಳವೆಗೆ ಸಿಕ್ಕಿದೆ. ಬಾಬ್ ಕಂಡದ್ದು ಸೋಸಿ ಉಳಿದ ಚರಟ, ಚಹಾ ಹರಿದು ಹೋಗಿದೆ. ಅದಕ್ಕೇ ನಾವು ನೀರಿನ ಬದಲು ಗಟ್ಟಿ ಜೇಡಿಯ ರಾಡಿ ಬಿಟ್ಟು ಮೊಳ ಮೊಳವೇ ಇಳಿಯುತ್ತಿದ್ದೆವು. ಐದನೇ ಬೋರಿನಲ್ಲಿ ಖರೇನೇ ಪುಡಿ ಬಂತು. ಕಾಡಿಗೆಯಂತೆ ಹೊಳೆಯುವ ನೀಲಿ ಪುಡಿ. ಸಾಹೇಬರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ಪೆಟ್ಟಿಗೆಯ ಸಾಲಿನಲ್ಲಿ ಮಲಗಿಸಿದರು, ಬಾಣಂತಿ ಕೂಸನ್ನು ಮಲಗಿಸಿದ ಹಾಗೆ. ಅದನ್ನು ನೋಡಲು ಗಾಂವಕರ ಬಾಬ್ ತಾವೇ ಬರುವವರಿದ್ದರು. ಈಗ ಅವರು ಮುದುಕರು, ಧಣಿಗಳಿಗೆ ಸಲಹೆಗಾರರು. ಅವರು ಹೂಂ ಅಂದರೆ ಗುಡ್ಡಕ್ಕೆ ಕೆಲಸ, ಇಲ್ಲದಿದ್ದರೆ ಎಲ್ಲರೂ ಗಂಟುಮೂಟೆ.

ನಾನು ಸೇಡು ತೀರಿಸಿಕೊಳ್ಳಲು ಆರಿಸಿಕೊಂಡದ್ದು ಆ ದಿನವನ್ನೇ.

ಸಾಹೇಬರಿಗೆ ಒಂದು ಚಾಳಿ ಇತ್ತು. ಕೋರು ಕೈಗೆ ಸಿಕ್ಕರೆ ನೆಕ್ಕುತ್ತಿದ್ದರು. ಒಣಗಿದ ಕಲ್ಲು ಬೂದಿ ಬಡಿದಂತಿರುತ್ತದೆ, ಒದ್ದೆಯಾದರೆ ಗೆರೆ ಎದ್ದು ಕಾಣುತ್ತವೆ. ನೀರಿನ ಬಾಟಲಿ ಹುಡುಕುವಷ್ಟು ತಾಳ್ಮೆ ಈ ಕಲ್ಲಿನ ಸಾಹೇಬರ ಜಾತಿಗೆ ಇರುವುದಿಲ್ಲ. ಜೇಡಿಯಾದರೆ ನಾಲಿಗೆಗೆ ಅಂಟುತ್ತದೆ, ಮರಳಾದರೆ ಕರಕರ ಅನ್ನುತ್ತದೆ ಎಂದು ನಮಗೇ ಪಾಠ ಹೇಳಿದ್ದರು. "ನಮ್ಮ ಎಮ್ಮಿ ಉಪ್ಪಿನ ಗಡ್ಡಿ ನೆಕ್ಕಿದಂಗ ನೆಕ್ಕತಾರಲೇ," ಅನ್ನುತ್ತಿದ್ದ ಸಲ್ಮಾನ.

ಇನ್ನು ಫಕೀರವ್ವ. ಅವಳು ಝುವಾರಿನಗರದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ. ನಾನು ಅತ್ತಿ ಅನ್ನುತ್ತಿದ್ದೆ. ಗುಡ್ಡಕ್ಕೆ ಬರುವಾಗ ಅರೆಯುವ ಚಪ್ಪಡಿ ಹೊತ್ತು ತಂದವಳು ಗುಂಡಕಲ್ಲು ಮರೆತು ಬಂದಿದ್ದಳು. ಗುಂಡಕಲ್ಲಿಲ್ಲದೆ ರಂಜಕ ಹೇಗೆ? ಹಸಿ ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು, ಲಿಂಬೆಹುಳಿ ಹಾಕಿ ನುಣ್ಣಗೆ ಅರೆದ ರಂಜಕವಿಲ್ಲದೆ ನಮ್ಮವರಿಗೆ ರೊಟ್ಟಿ ಇಳಿಯುವುದಿಲ್ಲ. "ಇಷ್ಟ ಕಲ್ಲ ತಗೀತೀರಿ, ನನಗೊಂದ ಕಲ್ಲಿಲ್ಲೇನೋ?" ಅಂದಿದ್ದಳು. ನಾನು ಎರಡನೇ ಬೋರಿನ ಪೆಟ್ಟಿಗೆಯಿಂದ ಗೇಣುದ್ದದ ಪಟ್ಟೆಕಲ್ಲು ಎತ್ತಿ ಕೊಟ್ಟೆ. ದುಂಡಗೆ, ತೂಕವಾಗಿ, ವಜ್ರದ ಬಾಯಿಯ ಕೊಳವೆ ಕೊರೆದದ್ದು, ಯಾವ ಒಡ್ಡನೂ ಅಷ್ಟು ನುಣುಪಾಗಿ ಕಡೆಯಲಾರ. ಕೋರು ಕದ್ದರೆ ಕೆಲಸದಿಂದ ತೆಗೆಯುತ್ತಾರೆ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಖಾಲಿ ಜಾಗದಲ್ಲಿ 'ಇಲ್ಲಿ ಕೋರು ಬಂದಿಲ್ಲ' ಎಂಬ ಮರದ ತುಂಡು ಇಟ್ಟೆ. ಸಾಹೇಬರು ಆ ಕಲ್ಲಿನ ರಂಜಕವನ್ನೇ ಚಪ್ಪರಿಸುತ್ತಾ, "ಫಕೀರವ್ವ, ನಮ್ಮ ಮನ್ಯಾಗೂ ಇಷ್ಟು ನುಣ್ಣಗಾಗೂದಿಲ್ಲ," ಅಂದಿದ್ದರು.

ಬಾಬ್ ಬರುವ ಬೆಳಿಗ್ಗೆ ಫಕೀರವ್ವ ಅರೆದು ಮುಗಿಸಿ ನೀರಿಗೆ ಹೋದಳು. ನಾನು ಗುಂಡಕಲ್ಲು ಎತ್ತಿಕೊಂಡೆ. ಉಳಿದ ರಂಜಕವನ್ನು ಮತ್ತೊಂದು ಸುತ್ತು ಬಳಿದು ಬಿಸಿಲಿಗಿಟ್ಟೆ. ಕೆಂಪು ಕಲ್ಲಿನ ಮೇಲೆ ಕೆಂಪು ಖಾರ, ಯಾರಪ್ಪನಿಗೂ ಕಾಣುವಂತಿರಲಿಲ್ಲ. ವಾಸನೆ ಬಾರದಂತೆ ಮೇಲೆ ಚೂರು ರಾಡಿ ಸವರಿದೆ. ಆಮೇಲೆ ಐದನೇ ಬೋರಿನ ಪೆಟ್ಟಿಗೆ ತೆರೆದು, ಸಾಹೇಬರ ಕೈ ಮೊದಲು ಹೋಗುವ ಕಡೆ ನೋಡಿ, ಪುಡಿಯ ಎರಡು ಚೀಲಗಳ ನಡುವೆ ಮಲಗಿಸಿದೆ. ಪಕ್ಕದ ಗುರುತು ನೋಡಿದರೆ ಮೂವತ್ತೆಂಟು ಮೀಟರ್. ನನಗೆ ಆ ಅಂಕಿಯಿಂದ ಆಗಬೇಕಾದ್ದೇನೂ ಇರಲಿಲ್ಲ. ಸಾಹೇಬರು ನೆಕ್ಕಬೇಕು, ಬಾಬ್ ಎದುರಿಗೆ ಕುಣಿಯಬೇಕು, ಎಲ್ಲರೂ ನಗಬೇಕು. ಆಗ ಸಲ್ಮಾನ ಮತ್ತೊಮ್ಮೆ ಹೊಟ್ಟೆ ಹಿಡಿದುಕೊಂಡು ಕೂರಲಿ.

ಗಾಂವಕರ ಬಾಬ್ ಬಂದರು. ತಲೆಗೆ ಹ್ಯಾಟು, ಕೈಯಲ್ಲಿ ಉದ್ದ ಹಿಡಿಯ ಸಣ್ಣ ಸುತ್ತಿಗೆ, ಉಸಿರು ಕುತ್ತಿಗೆಯಲ್ಲಿ. ಆಯುಷ್ಯವೆಲ್ಲ ನಮ್ಮ ಕಡೆಯ ಕೂಲಿಗಳ ಜೊತೆ ಕಳೆದವರು, ಕನ್ನಡವನ್ನು ಕೊಂಕಣಿಯಲ್ಲಿ ಅದ್ದಿ ಮಾತಾಡುತ್ತಿದ್ದರು. ಇನಾಮದಾರ ಸಾಹೇಬರು ಒಂದೊಂದೇ ಪೆಟ್ಟಿಗೆಯ ಮುಚ್ಚಳ ತೆಗೆಸಿ ತೋರಿಸುತ್ತಾ ಹೋದರು. ಜಂಬಿಟ್ಟಿಗೆಯ ತುಂಡು ಎತ್ತಿಕೊಂಡರು. ನಾನು ಸಲ್ಮಾನನನ್ನು ತಿವಿದೆ. ಸಾಹೇಬರು ಜೇಬಿನಿಂದ ನೀರಿನ ಬಾಟಲಿ ತೆಗೆದು ಕಲ್ಲಿಗೆ ಚಿಮುಕಿಸಿದರು.

"ಯಾಕಲೇ, ಇವತ್ತ ನೆಕ್ಕವಲ್ರಲ್ಲ?" ಅಂದೆ ಮೆಲ್ಲಗೆ.

"ಇವತ್ತ ಸಂಕಷ್ಟಿ ಐತೋ ಮಾರಾಯಾ. ಚಂದ್ರ ಕಾಣೂತನಾ ನಾಲಗಿಗೆ ಏನೂ ಮುಟ್ಟಸಂಗಿಲ್ಲ ಅವರು. ಮುಂಜಾನೆ ಫಕೀರವ್ವ ಚಹಾ ಕೊಟ್ರ ವಾಪಸ್ ಕಳಿಸ್ಯಾರ. ಸಾಬರ ಹುಡುಗ ನನಗ ಗೊತ್ತೈತಿ, ನಿನಗ ಗೊತ್ತಿಲ್ಲೇನು?"

ಕಲ್ಲು ಎತ್ತಿಬಿಡೋಣವೆಂದು ಪೆಟ್ಟಿಗೆಯ ಕಡೆ ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಮುಚ್ಚಳ ತೆರೆಯಿತು.

ನೀಲಿ ಪುಡಿಯ ಚೀಲಗಳನ್ನು ಕಂಡು ಮುದುಕರ ಮುಖ ಇಳಿಯಿತು. ತಾನು ಇಲ್ಲ ಎಂದು ಬರೆದಿದ್ದ ಗುಡ್ಡ ಇದೆ ಎಂದು ಎದುರು ನಿಂತರೆ ಯಾರಿಗಾದರೂ ಹಾಗೇ ಆಗುತ್ತದೆ. ಚೀಲ ಮುಟ್ಟಿದರು, ಹಿಸುಕಿದರು. ಆಮೇಲೆ ಅವರ ಕಣ್ಣು ಚೀಲಗಳ ನಡುವಿನ ಪಟ್ಟೆಕಲ್ಲಿನ ಮೇಲೆ ಬಿತ್ತು. ಇಪ್ಪತ್ತು ವರ್ಷ ಚಿಕ್ಕವರಾದರು.

"ಪಳೆ! ಪಳೆ, ನೋಡು ಇನಾಮದಾರ! ಮೂವತ್ತೆಂಟು ಮೀಟರಿಗೆ ಗಟ್ಟಿ ಕಲ್ಲು! ನಾನು ಆವಾಗನೇ ಬರದಿದ್ದೆ. ಇದು ಪುಡಿ ಏನೋ ಎರಡು ಗೇಣು, ಕೆಳಗೆ ಮೇಲೆ ಎಲ್ಲ ಕಲ್ಲೇ!"

"ಬಾಬ್, ಅದು… ನಾ ನೋಡಿದಾಗ ಅಲ್ಲಿ…" ಸಾಹೇಬರು ತಡವರಿಸಿದರು.

ಬಾಬ್ ಕೇಳಿಸಿಕೊಳ್ಳಲಿಲ್ಲ. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಬಿಸಿಲಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೆ ನೆಕ್ಕಿದರು. ಕುಲ್ಫಿ ನೆಕ್ಕುವಂತೆ ನೆಕ್ಕಿದರು.

ಮೊದಲು ಏನೂ ಆಗಲಿಲ್ಲ. ಗೆರೆ ನೋಡುತ್ತಾ ತಲೆಯಾಡಿಸಿದರು. ಆಮೇಲೆ ತಲೆಯಾಡಿಸುವುದು ನಿಂತಿತು. ಹ್ಯಾಟು ಬಿತ್ತು.

"ದೇವಾ!" ಅಂದರು. "ಹೆಂ ಕಿತೆಂ? ಇದರಾಗೆ ಏನು ಖನಿಜ ಇದೆ?"

ಬಿಕ್ಕಳಿಕೆ ಶುರುವಾಯಿತು. ಕಣ್ಣಿನಿಂದ ಧಾರೆ. ನಾಲಿಗೆ ಹೊರಗೆ ಚಾಚಿ ಬಿದ್ದ ಹ್ಯಾಟು ಎತ್ತಿ ಗಾಳಿ ಹಾಕಿಕೊಳ್ಳುತ್ತಾ ಪೆಟ್ಟಿಗೆಗಳ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸಾಹೇಬರು ನೀರಿನ ಬಾಟಲಿ ಕೊಟ್ಟರು, ಅದು ಖಾಲಿ. ಹಣಮಪ್ಪ ಕಾಕಾ ಗಾಬರಿಯಲ್ಲಿ ಮಶೀನಿನ ರಾಡಿಯ ಪೈಪೇ ಎಳೆದು ತಂದ. ಫಕೀರವ್ವ ಬೆಲ್ಲದ ಹೆಂಟೆ ಹಿಡಿದುಕೊಂಡು ಓಡಿ ಬಂದಳು. ಬಾಬ್ ಬೆಲ್ಲ ಬಾಯಿಗೆ ಹಾಕಿಕೊಂಡು ಉಸಿರೆಳೆಯುವಷ್ಟರಲ್ಲಿ ಅವಳ ಕಣ್ಣು ಅವರ ಕೈಯಲ್ಲಿದ್ದ ಕಲ್ಲಿಗೆ ಬಿತ್ತು.

"ಅಯ್ಯs! ನನ್ನ ಗುಂಡಕಲ್ಲು!" ಕಸಿದುಕೊಂಡೇಬಿಟ್ಟಳು. ಮೂಸಿ ನೋಡಿದಳು. ಸೀದಾ ಇನಾಮದಾರ ಸಾಹೇಬರಿಗೆ ತಿರುಗಿದಳು. "ಏನ್ರಿ ಸಾಹೇಬ್ರ, ಮುಂಜಾನಿಂದ ಇದನ್ನ ಹುಡಕಾಕತ್ತೇನಿ. ಗುಡ್ಡದ ಕಲ್ಲೆಲ್ಲಾ ಪೆಟಗ್ಯಾಗ ತುಂಬೂದು ಸಾಲದs ನನ್ನ ಅಡಗಿಮನಿ ಕಲ್ಲಿಗೂ ಕೈ ಹಾಕೀರೇನು? ನಾಳಿ ನನ್ನ ಒಲಿಗಲ್ಲು ಒಯ್ಯೋರೇನು? ಚಟ್ನಿ ಬೇಕಂದ್ರ ಕೇಳಬೇಕ್ರಿ, ಕಲ್ಲ ನೆಕ್ಕೂದೇನು? ವಯಸ್ಸಾದವ್ರಿಗೆ ಹಿಂಗ ನೆಕ್ಕಸ್ತಾರೇನು?"

ಯಾರಿಗೂ ನಗು ತಡೆಯಲಾಗಲಿಲ್ಲ. ಕಾಕಾ ನಕ್ಕ, ಟ್ಯಾಂಕರಿನವನು ನಕ್ಕ, ಸಲ್ಮಾನ ಕೂರಲಿಲ್ಲ, ಮಲಗಿಯೇಬಿಟ್ಟ. ಸಾಹೇಬರ ಮುಖ ಪಟ್ಟೆಕಲ್ಲಿನ ಬಣ್ಣಕ್ಕೆ ತಿರುಗಿತು. ಉಪವಾಸದ ಹೊಟ್ಟೆಯಲ್ಲಿ, ದೊಡ್ಡವರ ಎದುರು, ಅಡುಗೆಯವಳಿಂದ ಗುಂಡಕಲ್ಲಿನ ಕಳ್ಳ ಅನ್ನಿಸಿಕೊಂಡವರು ಭೂಗರ್ಭ ಓದಿದವರಲ್ಲಿ ಅವರೊಬ್ಬರೇ ಇರಬೇಕು. ನಾನು ಯೋಚಿಸಿದ್ದಕ್ಕಿಂತ ಹತ್ತು ಪಟ್ಟು ಚಲೋ ಆಗಿತ್ತು. ನಗಲು ಬಾಯಿ ತೆರೆದೆ.

ಆದರೆ ಬಾಬ್ ನಗಲಿಲ್ಲ. ಬೆಲ್ಲ ಚೀಪುತ್ತಾ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಒಂದು ನಿಮಿಷದ ಮಟ್ಟಿಗೆ ಅವರ ಹಳೆಯ ಷರಾ ಖರೇ ಆಗಿತ್ತು, ಮತ್ತೆ ಸುಳ್ಳಾಯಿತು. ಅದು ಖಾರಕ್ಕಿಂತ ಜಾಸ್ತಿ ಉರಿದಿರಬೇಕು.

"ಇನಾಮದಾರ, ಅಡಿಗಿಮನಿ ಕಲ್ಲು ಈ ಪೆಟ್ಟಿಗಿಗೆ ಬರತದೆ ಅಂದ್ರೆ ಈ ಪುಡಿ ಎಲ್ಲಿಂದ ಬಂತು ಅಂತ ನಾ ಹೆಂಗೆ ನಂಬೂದು? ಯಾರು ತಂದು ಇಟ್ಟರು, ಅದು ಮೊದಲು ಹೇಳು. ಇಲ್ಲಾ, ಈ ಐದು ಬೋರೂ ರದ್ದು. ಮಶೀನು ಇಳಸು."

ನಗು ಒಮ್ಮೆಲೇ ನಿಂತಿತು. ಫಕೀರವ್ವ ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಾಹೇಬರು ಅವಳ ಸೆರಗು ನೋಡಿದರು, ಎರಡನೇ ಬೋರಿನ ಪೆಟ್ಟಿಗೆಗಳು ಪೇರಿಸಿದ್ದ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರು ದಡ್ಡರಲ್ಲ. ಪೆಟ್ಟಿಗೆ ತುಂಬುವವನು ನಾನೊಬ್ಬನೇ.

ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು. ಆ ಕೈ ಎಂದೂ ಅಲ್ಲಿಗೆ ಬಂದಿರಲಿಲ್ಲ.

"ಬಾಳು," ಅಂದರು, ಎಲ್ಲರಿಗೂ ಕೇಳುವಂತೆ. "ಹಣಮಪ್ಪ ಹೋದ ಮ್ಯಾಲೆ ಮಶೀನಿನ ಮ್ಯಾಲೆ ಕೂಡಾಂವ ನೀನs. ಬಾಬ್ ಎದುರಿಗೆ ಹೇಳ್ಲಿಕತ್ತೀನಿ. ಈಗ ನೀ ಬಾಬ್‌ಗೆ ಹೇಳಪಾ, ಈಕಿ ಪೆಟಗಿ ಒರಸ್ಲಿಕ್ಕೆ ಬಂದಾಗ ತನ್ನ ಕಲ್ಲು ಇಲ್ಲಿ ಮರತು ಇಟ್ಟು ಹೋಗ್ಯಾಳ. ಹೌದಲ್ಲೋ? ಹೂಂ ಅಂದ್ರ ಸಾಕು."

ಲೆಕ್ಕ ನನಗೆ ಅರ್ಥವಾಯಿತು. ಅಡುಗೆಯವಳ ಮರೆವಾದರೆ ಅವಳನ್ನು ಕಳಿಸಿ ಪೆಟ್ಟಿಗೆ ಉಳಿಸಿಕೊಳ್ಳಬಹುದು. ಪೆಟ್ಟಿಗೆಯವನ ಕೈವಾಡವಾದರೆ ಗುಡ್ಡವೇ ಸುಳ್ಳು. ಹೂಂ ಅಂದರೆ ಸೀಟು ನನ್ನದು, ಅತ್ತಿಗೆ ಝುವಾರಿನಗರದ ಬಸ್ಸು. ಊಹೂಂ ಅಂದರೆ ಎಲ್ಲರಿಗೂ ಬಸ್ಸು. ನಾನೇ ಕಲ್ಲು ಕದ್ದು ಕೊಟ್ಟೆ, ನಾನೇ ಇಟ್ಟೆ ಅನ್ನಬೇಕೆಂದರೆ ಅದನ್ನು ಈ ಮನುಷ್ಯನ ಮುಂದೆ, ಈ ಕೈ ಹೆಗಲ ಮೇಲಿರುವಾಗ ಅನ್ನಬೇಕು. ನನ್ನ ನಾಲಿಗೆ ಅದಕ್ಕೆ ತಯಾರಿರಲಿಲ್ಲ.

"ಹೂಂ ಅನ್ನಲೇ," ಅಂದ ಸಲ್ಮಾನ ಮಲಗಿದಲ್ಲಿಂದಲೇ. ಅವನಿಗೂ ಆ ಸೀಟು ಬೇಕಿತ್ತು, ಆದರೂ ಅಂದ.

ಫಕೀರವ್ವ ನನ್ನನ್ನು ನೋಡಿದಳು. ಕಲ್ಲು ಕದ್ದು ಕೊಟ್ಟದ್ದೆಂದೂ ಪೆಟ್ಟಿಗೆಗೆ ಹೇಗೆ ಹೋಯಿತೆಂದೂ ಅವಳಿಗೆ ಆ ಕ್ಷಣ ತಿಳಿಯಿತು. ಮೂಗಿನ ಹೊಳ್ಳೆ ಅರಳಿದವು. ಬೈಗುಳಗಳ ಮೆರವಣಿಗೆಯೇ ಗಂಟಲಿಗೆ ಬಂದು ನಿಂತಿತ್ತು, ಆದರೆ ನುಂಗಿದಳು.

ನಾನು ಭುಜ ಒಮ್ಮೆ ಕೊಡವಿದೆ. ಸಾಹೇಬರ ಕೈ ಜಾರಿತು. ತಲೆಯ ಮೇಲಿನ ಕೆಲಸದ ಹಳದಿ ಟೊಪ್ಪಿಗೆ ತೆಗೆದು, ಕಲ್ಲು ನಾನಿಟ್ಟಿದ್ದ ಮೂವತ್ತೆಂಟನೇ ಮೀಟರಿನ ಖಾಲಿ ಜಾಗದ ಮೇಲೆ ಬೋರಲು ಹಾಕಿದೆ. ಜೀಪಿನ ದಾರಿಗೆ ಇಳಿಯತೊಡಗಿದೆ.

"ಏ ಬಾಳು! ಕೇಳ್ಲಿಕತ್ತೀನಲ್ಲ, ಯಾರಿಟ್ರೋ?" ಸಾಹೇಬರ ದನಿ.

"ಏ ಪೋರಾ! ಅದರಾಗೆ ಮೆಣಸಿನಕಾಯಿ ಯಾವ ಊರಿಂದು, ಅದಾದ್ರೂ ಹೇಳು!" ಬಾಬ್ ಬಿಕ್ಕಳಿಸುತ್ತಾ ಕೂಗಿದರು.

ಫಕೀರವ್ವನ ದನಿ ಎಲ್ಲಕ್ಕಿಂತ ಮೇಲೆ ಬಂತು. "ಹೊಳ್ಳಿ ಬಾರೋ ಮಂಗ್ಯಾನ ಮಗನ! ಉಂಡಾದ್ರೂ ಹೋಗು!"

ನಾನು ನಡೆಯುತ್ತಲೇ ಇದ್ದೆ.